ವೀಸಾ ಅರ್ಜಿಯೂ ಶ್ರಾವಕನ ಸತ್ಯಾಣುವ್ರತವೂ

ಜೀವನೋಪಾಯಕ್ಕಾಗಿ ಊರು ಬಿಡುವುದು ಗೃಹಸ್ಥನಿಗೆ ಹೊಸದಲ್ಲ. ವಣಿಕ ವೃತ್ತಿಯವನಿಗಂತೂ ಅದು ಕುಲಪರಂಪರೆಯೇ ಆಗಿದೆ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳ ಪೇಟೆಬೀದಿಗಳಲ್ಲಿ ಬಟ್ಟೆ, ಬೆಳ್ಳಿ-ಬಂಗಾರ, ದಿನಸಿಗಳ ಅಂಗಡಿ ನಡೆಸುತ್ತಿರುವ ಜೈನ ಮನೆತನಗಳಲ್ಲಿ ಹಲವು, ಹಿಂದಿನ ತಲೆಮಾರುಗಳಲ್ಲಿ ರಾಜಸ್ಥಾನದ ಕಡೆಯಿಂದ ಬಂದು ನೆಲೆಸಿದವು. ಹಾಗೆ ಬಂದವರನ್ನು ಯಾವ ಅಧಿಕಾರಿಯೂ ತಡೆದು ನಿಲ್ಲಿಸಲಿಲ್ಲ. ಪರಿಚಯಸ್ಥರೊಬ್ಬರ ಮಾತು, ಅಲ್ಪ ಬಂಡವಾಳ, ದುಡಿಯುವ ಮನಸ್ಸು ಇವಿಷ್ಟೇ ಸಾಕಾದವು. ಇಂದು ಅದೇ ಮನೆತನಗಳ ಮಕ್ಕಳು ಚಿಕ್ಕಮಗಳೂರಿನಲ್ಲೋ ಶಿವಮೊಗ್ಗದಲ್ಲೋ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಅಮೆರಿಕ, ಬ್ರಿಟನ್, ಕೆನಡಾಗಳತ್ತ ನೋಡುತ್ತಾರೆ. ಅಡಕೆ, ಕೊಬ್ಬರಿ, ಈರುಳ್ಳಿಯ ವ್ಯಾಪಾರದಲ್ಲಿ ಸಣ್ಣ ಬಂಡವಾಳದವರೂ ಬೇಸಾಯದ ಮನೆಗಳ ಮಕ್ಕಳೂ ಕೊಲ್ಲಿ ರಾಷ್ಟ್ರಗಳ ಕೆಲಸಕ್ಕೆ ಆಸೆಪಡುತ್ತಾರೆ. ಆದರೆ ಅಜ್ಜ ಬಂದ ದಾರಿಯಲ್ಲಿ ಇಲ್ಲದಿದ್ದ ಬಾಗಿಲೊಂದು ಮೊಮ್ಮಗ ಹೋಗುವ ದಾರಿಯಲ್ಲಿದೆ. ಅದರ ಹೆಸರು ವೀಸಾ.

ಆ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಆಗ ಮನೆಯಲ್ಲಿ ಒಂದು ಮಾತು ಹುಟ್ಟುತ್ತದೆ. ಹುಡುಗನಿಗೆ ಎರಡು ವರ್ಷದ ಅನುಭವ ಕಡಿಮೆಯಾಗಿದ್ದರೆ, ನೆಂಟರ ಸಂಸ್ಥೆಯಿಂದ ಅನುಭವದ ಪತ್ರವೊಂದನ್ನು ಪಡೆದರೆ ಆಯಿತು ಎಂದು ಯಾರೋ ಸೂಚಿಸುತ್ತಾರೆ. ಖಾತೆಯಲ್ಲಿ ಹಣ ಸಾಲದಿದ್ದರೆ, ಬಂಧುವೊಬ್ಬರು ಒಂದು ತಿಂಗಳ ಮಟ್ಟಿಗೆ ಹಾಕಿ ಆಮೇಲೆ ಹಿಂದಕ್ಕೆ ಪಡೆಯಲಿ ಎನ್ನುತ್ತಾರೆ. ಬಸದಿಯಲ್ಲಿ ಒಂದು ದಿನವೂ ಪೂಜೆ ಮಾಡದವನನ್ನು ವಿದೇಶದ ಮಂದಿರಕ್ಕೆ ಅರ್ಚಕನಾಗಿ ಕಳಿಸಲು ಟ್ರಸ್ಟಿನ ಕಾಗದ ಕೇಳುವುದೂ ಉಂಟಾಗಬಹುದು. ಇವುಗಳಲ್ಲಿ ಯಾವುದನ್ನೂ ಯಾರೂ ವಂಚನೆ ಎಂದು ಕರೆಯುವುದಿಲ್ಲ, ಉಪಕಾರ ಎನ್ನುತ್ತಾರೆ. ಸತ್ಯದಿಂದ ತೆರೆಯದ ಬಾಗಿಲನ್ನು ಅಲ್ಪ ಅಸತ್ಯದಿಂದ ತೆರೆಯುವುದು ಶ್ರಾವಕನಿಗೆ ಸಲ್ಲುವುದೇ, ಅಂಥ ಅಸತ್ಯಕ್ಕೆ ಸಹಿ ಹಾಕುವುದು ನಿಜವಾಗಿ ಉಪಕಾರವೇ ಎಂಬುದು ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಕಷ್ಟ ಕಲ್ಪಿತವಲ್ಲ

ಮೊದಲಿಗೆ, ಅರ್ಜಿದಾರನ ಕಷ್ಟವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಅಮೆರಿಕವು 1917ರ ಕಾಯಿದೆಯಿಂದ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದವರಿಗೆ ವಲಸೆಯ ದಾರಿಯನ್ನೇ ಮುಚ್ಚಿತ್ತು. 1946ರಲ್ಲಿ ಅದು ಸ್ವಲ್ಪ ತೆರೆದಾಗ ಇಡೀ ಭಾರತಕ್ಕೆ ದೊರೆತದ್ದು ವರ್ಷಕ್ಕೆ 100 ಜನರ ಪಾಲು. ಮೂಲದೇಶವನ್ನು ನೋಡಿ ಪಾಲು ಹಂಚುವ ಪದ್ಧತಿ ಹೋದದ್ದು 1965ರ ಕಾಯಿದೆಯಿಂದ. ಇಂದಿನ ಎಚ್-1ಬಿ ಎಂಬ ಕೆಲಸದ ವೀಸಾ 1990ರ ಕಾಯಿದೆಯ ಫಲ. ಅದರ ವಾರ್ಷಿಕ ಮಿತಿ 65,000. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಕೇಳುವವರು ಇದರ ಹಲವು ಪಟ್ಟು ಇರುವುದರಿಂದ ಯಾರ ಅರ್ಜಿಯನ್ನು ನೋಡಬೇಕೆಂಬುದೇ ಚೀಟಿ ಎತ್ತಿದಂತೆ ತೀರ್ಮಾನವಾಗುತ್ತ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರ ಘೋಷಣೆಯೊಂದು ಹೊಸ ಎಚ್-1ಬಿ ಅರ್ಜಿಗಳ ಮೇಲೆ 1 ಲಕ್ಷ ಡಾಲರುಗಳ ಶುಲ್ಕವನ್ನು ಹೇರಿತು. ಬ್ರಿಟನ್ನಿನಲ್ಲಿ ಕುಶಲ ಕೆಲಸಗಾರರ ವೀಸಾಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ವಾರ್ಷಿಕ ಸಂಬಳವು 2024ರ ಏಪ್ರಿಲಿನಲ್ಲಿ 26,200 ಪೌಂಡಿನಿಂದ 38,700ಕ್ಕೂ, 2025ರ ಜುಲೈಯಲ್ಲಿ 41,700ಕ್ಕೂ ಏರಿತು.

ದೂರದ ಕಷ್ಟವೂ ಇದರೊಡನೆ ಸೇರಿದೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿ 17ರಂದು. ಅಂದೇ ವೀಸಾ ಸೇವೆ ಆರಂಭವಾಗಲೂ ಇಲ್ಲ. ಆದ್ದರಿಂದ ಅಜ್ಜಂಪುರದ ಹುಡುಗನೊಬ್ಬ ಕೆಲವು ನಿಮಿಷಗಳ ಸಂದರ್ಶನಕ್ಕಾಗಿ ಬೆಂಗಳೂರಿಗೆ ರೈಲು ಹತ್ತಿ, ಅಲ್ಲಿಂದ ಚೆನ್ನೈಗೋ ಹೈದರಾಬಾದಿಗೋ ಹೋಗಿ, ಉತ್ತರ ಇಲ್ಲವೆಂದಾದರೆ ಅದೇ ದಾರಿಯಲ್ಲಿ ಮರಳಬೇಕಾಗಿತ್ತು. ಅಷ್ಟರಲ್ಲಿ ಮನೆಯವರು ಒಡವೆಯನ್ನು ಅಡವಿಟ್ಟಿರುತ್ತಾರೆ, ಬೀಗರಿಗೆ ಮಾತು ಕೊಟ್ಟಿರುತ್ತಾರೆ. ಹೀಗೆ ನೊಂದ ಮನೆಗೆ ಸತ್ಯದ ಬೋಧೆ ಮಾಡುವವನು ಮೊದಲು ಆ ನೋವನ್ನು ಅರಿತಿರಬೇಕು.

ಹೊರಡುವ ಹಕ್ಕು, ಒಳಬರುವ ಅನುಮತಿ

ಮನುಷ್ಯನಿಗೆ ಭೂಮಿಯ ಮೇಲೆ ಎಲ್ಲಿಗಾದರೂ ಹೋಗುವ ಸಹಜ ಹಕ್ಕಿಲ್ಲವೇ, ಆ ಹಕ್ಕನ್ನು ಕಸಿದ ಕಟ್ಟಳೆಗೆ ಸತ್ಯವನ್ನೇಕೆ ಅರ್ಪಿಸಬೇಕು ಎಂದು ವಾದಿಸುವವರಿದ್ದಾರೆ. ಈ ವಾದದಲ್ಲಿ ಅರ್ಧ ಸತ್ಯವಿದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೆಯ ವಿಧಿ ತನ್ನ ದೇಶವೂ ಸೇರಿ ಯಾವುದೇ ದೇಶವನ್ನು ಬಿಟ್ಟು ಹೊರಡುವ ಹಕ್ಕನ್ನೂ ಸ್ವದೇಶಕ್ಕೆ ಮರಳುವ ಹಕ್ಕನ್ನೂ ಹೇಳುತ್ತದೆ. ಭಾರತದಲ್ಲಿಯೂ 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಸೇರಿದೆಯೆಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂದಿತು. ಆದರೆ ಹೊರಡುವ ಹಕ್ಕನ್ನು ಹೇಳಿದ ಘೋಷಣೆ ಪರದೇಶದೊಳಗೆ ದುಡಿಯಲು ಪ್ರವೇಶಿಸುವ ಹಕ್ಕನ್ನು ಹೇಳಲಿಲ್ಲ. ಒಂದು ಬಾಗಿಲು ಹಕ್ಕಿನಿಂದ ತೆರೆಯುತ್ತದೆ, ಇನ್ನೊಂದು ಅನುಮತಿಯಿಂದ ಮಾತ್ರ. ಇವೆರಡರ ನಡುವಿನ ಅಂತರದಲ್ಲೇ ಅರ್ಜಿದಾರನು ಸಿಕ್ಕಿಕೊಂಡಿದ್ದಾನೆ.

ಅನೇಕಾಂತದೃಷ್ಟಿ ಉಳ್ಳವನು ಈ ವ್ಯವಸ್ಥೆಯನ್ನು ಹಲವು ಕಡೆಯಿಂದ ನೋಡಬೇಕು. ಅರ್ಜಿದಾರನ ಕಡೆಯಿಂದ ನೋಡಿದರೆ, ಯೋಗ್ಯತೆಯನ್ನು ಬಿಟ್ಟು ಅದೃಷ್ಟವನ್ನು ನೋಡುವ ಚೀಟಿ ಅನ್ಯಾಯವಾಗಿ ತೋರುತ್ತದೆ. ಅಮೆರಿಕದ ಕಾಯಂ ವಾಸದ ಅನುಮತಿಯಲ್ಲಿ ದೊಡ್ಡ ದೇಶಕ್ಕೂ ಸಣ್ಣ ದೇಶಕ್ಕೂ ಒಂದೇ 7 ಶೇಕಡಾ ಮಿತಿ ಇರುವುದರಿಂದ, ಭಾರತದಲ್ಲಿ ಹುಟ್ಟಿದವನ ಸರದಿ ಬಹಳ ದೀರ್ಘವಾಗಿದೆ. ಅಲ್ಲಿನ ಕೆಲಸಗಾರನ ಕಡೆಯಿಂದ ನೋಡಿದರೆ, ಕಡಿಮೆ ಕೂಲಿಗೆ ಹೊರಗಿನವರನ್ನು ತಂದು ತನ್ನ ಕೂಲಿಯನ್ನು ಇಳಿಸಬಾರದೆಂಬ ಬೇಡಿಕೆ ಸಹಜ. ಕಿಟಕಿಯ ಆಚೆ ಕುಳಿತ ಅಧಿಕಾರಿಯ ಕಡೆಯಿಂದ ನೋಡಿದರೆ, ಅಪರಿಚಿತನೊಬ್ಬನ ಬಗ್ಗೆ ತೀರ್ಮಾನಿಸಲು ಅವನಿಗಿರುವ ಆಧಾರ ಕೆಲವು ಕಾಗದಗಳಷ್ಟೆ. ಈ ಮೂರರಲ್ಲಿ ಮೊದಲನೆಯ ನೋಟವನ್ನೇ ಪೂರ್ಣಸತ್ಯವೆಂದು ಹಿಡಿದವನಿಗೆ ಮಾತ್ರ ಸುಳ್ಳು ಕಾಗದವು ಪ್ರತೀಕಾರದಂತೆ ಕಂಡೀತು. ಕಟ್ಟಳೆ ಅನ್ಯಾಯವಾಗಿದ್ದರೆ ಅದನ್ನು ಅನ್ಯಾಯವೆಂದು ಬಹಿರಂಗವಾಗಿ ಹೇಳಬಹುದು. ಮನವಿ ಸಲ್ಲಿಸಬಹುದು, ನ್ಯಾಯಾಲಯಕ್ಕೆ ಹೋಗಬಹುದು. ಸುಳ್ಳು ಪತ್ರ ಕೊಡುವವನು ಕಟ್ಟಳೆಯನ್ನು ವಿರೋಧಿಸುತ್ತಿಲ್ಲ. ಉಳಿದವರು ಅದನ್ನು ಪಾಲಿಸುತ್ತಿರುವುದರ ಲಾಭವನ್ನು ತಾನು ಗುಟ್ಟಾಗಿ ಪಡೆಯುತ್ತಿದ್ದಾನೆ.

ಶಾಸ್ತ್ರದ ವಿವೇಕ

ದಿಗಂಬರ, ಶ್ವೇತಾಂಬರ ಎರಡೂ ಸಂಪ್ರದಾಯಗಳು ಮಾನ್ಯ ಮಾಡುವ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸುತ್ತದೆ. ಕನ್ನಡ ನಾಡಿನ ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದಕ್ಕೆ ಕೊಟ್ಟ ವಿವರಣೆಯ ತಾತ್ಪರ್ಯ ಗಮನಾರ್ಹವಾದುದು: ಒಬ್ಬನು ಆಡದ ಮಾತನ್ನು ಆಡಿದನೆಂದು, ಮಾಡದ ಕೆಲಸವನ್ನು ಮಾಡಿದನೆಂದು, ಬೇರೆಯವರ ಪ್ರೇರಣೆಗೆ ಒಳಗಾಗಿ, ವಂಚನೆಗಾಗಿ ಬರೆಯುವುದೇ ಕೂಟಲೇಖ. ಮಾಡದ ಉದ್ಯೋಗವನ್ನು ಮಾಡಿದನೆಂದು, ನೆಂಟರ ಒತ್ತಾಯಕ್ಕೆ ಮಣಿದು, ಅಧಿಕಾರಿಯನ್ನು ನಂಬಿಸಲು ಬರೆದ ಅನುಭವಪತ್ರಕ್ಕೆ ಇದಕ್ಕಿಂತ ಹತ್ತಿರದ ವರ್ಣನೆ ಸಿಗಲಾರದು. ವೀಸಾ ಎಂಬ ಪದವೇ ಇಲ್ಲದ ಕಾಲದಲ್ಲಿ ಆಚಾರ್ಯರು ವ್ಯಾಪಾರಿಯ ಲೇಖನಿಯ ದೌರ್ಬಲ್ಯವನ್ನು ಅರಿತಿದ್ದರು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಎಂಬುದೊಂದಿದೆ. ವ್ಯಾಖ್ಯಾನಕಾರರು ಅದನ್ನು ಬೇರೆ ಬೇರೆಯಾಗಿ ವಿವರಿಸಿದ್ದರೂ, ರಾಜ್ಯದ ನ್ಯಾಯವಾದ ಕಟ್ಟಳೆಯನ್ನು ಮೀರಿ ಲಾಭ ಪಡೆಯಬಾರದೆಂಬ ಭಾವ ಅದರಲ್ಲಿದೆ. ಸುಳ್ಳು ಕಾಗದದ ಪ್ರಶ್ನೆ ಸತ್ಯವ್ರತಕ್ಕೆ ಮಾತ್ರ ಸೇರಿದ್ದು ಎಂದು ತಿಳಿಯುವುದು ಸರಿಯಲ್ಲ. ಅದು ಅಚೌರ್ಯಕ್ಕೂ ತಾಗುತ್ತದೆ. ಅಲ್ಲಿ ಕಳವಾಗುವುದು ಏನು ಎಂದು ಕೇಳಬಹುದು. ಉತ್ತರ ಇತ್ತೀಚಿನ ಅಂಕಿಗಳಲ್ಲೇ ಇದೆ.

2020ರಿಂದ ಎಚ್-1ಬಿ ಆಯ್ಕೆಗೆ ಮಿಂಚಿನಂಚೆಯ ಕಾಲಕ್ಕೆ ತಕ್ಕ ನೋಂದಣಿ ಪದ್ಧತಿ ಬಂದಿತು. ನೋಂದಣಿಯ ಶುಲ್ಕ ಕೇವಲ 10 ಡಾಲರ್. ಒಬ್ಬನೇ ಅಭ್ಯರ್ಥಿಯ ಹೆಸರನ್ನು ಹಲವು ಸಂಸ್ಥೆಗಳು ನೋಂದಾಯಿಸಿದರೆ ಅವನ ಚೀಟಿಗಳೂ ಹಲವಾಗುತ್ತಿದ್ದವು. ನಿಜವಾಗಿಯೇ ಎರಡು ಕಡೆ ಕೆಲಸ ದೊರೆತವರು ಕೆಲವರಿದ್ದರು. ಚೀಟಿ ಹೆಚ್ಚಿಸಲೆಂದೇ ಒಳಗೊಳಗೆ ಕೂಡಿಕೊಂಡ ಸಂಸ್ಥೆಗಳೂ ಇದ್ದವೆಂದು ಅಲ್ಲಿನ ಇಲಾಖೆಯೇ ಹೇಳಿತು. 2023ರ ಸುತ್ತಿನಲ್ಲಿ ಅರ್ಹ ನೋಂದಣಿಗಳು 7,58,994; ಅವುಗಳಲ್ಲಿ 4,08,891 ಒಂದಕ್ಕಿಂತ ಹೆಚ್ಚು ಚೀಟಿ ಉಳ್ಳವರವು. 2024ರಿಂದ ಒಬ್ಬನಿಗೆ ಒಂದೇ ಅವಕಾಶವೆಂದು ನಿಯಮ ತಿದ್ದಿದ ಮೇಲೆ ಆ ಸಂಖ್ಯೆ 4,70,342ಕ್ಕೆ ಇಳಿಯಿತು. ಶುಲ್ಕವನ್ನು 215 ಡಾಲರಿಗೆ ಏರಿಸಿದ 2025ರಲ್ಲಿ ಅದು 3,43,981 ಆಯಿತು. 2023ರಲ್ಲಿ ಒಂದೇ ಚೀಟಿ ಹಾಕಿ ಸೋತ ಹುಡುಗನೊಬ್ಬನು ತರೀಕೆರೆಯವನೇ ಆಗಿದ್ದಿರಬಹುದು. ಅವನನ್ನು ಸೋಲಿಸಿದ್ದು ಪರದೇಶದ ಸರಕಾರವೊಂದೇ ಅಲ್ಲ. ಅವನಂತೆಯೇ ಕನಸು ಕಂಡು, ಅವನಿಗಿಂತ ಹೆಚ್ಚು ಚೀಟಿಗಳನ್ನು ಕೂಡಿಸಿಕೊಂಡವರ ಪಾಲೂ ಅದರಲ್ಲಿದೆ. ಮಿತಿ ಇರುವ ಕಡೆ ಒಬ್ಬನ ಸುಳ್ಳು ಇನ್ನೊಬ್ಬನ ಸರದಿಯನ್ನು ತಿನ್ನುತ್ತದೆ. ಸಂತೆಯಲ್ಲಿ ತೂಕದ ಕಲ್ಲನ್ನು ತಿದ್ದಿದವನು ಗಿರಾಕಿಯ ಮುಖವನ್ನಾದರೂ ಕಾಣುತ್ತಾನೆ. ಇಲ್ಲಿ ನಷ್ಟಹೊಂದಿದವನ ಮುಖವೇ ಕಾಣುವುದಿಲ್ಲ. ಅದರಿಂದಲೇ ಈ ಪಾಪ ಹಗುರವೆನಿಸುತ್ತದೆ.

ಇದು ಅತಿಚಾರ ತಾನೇ, ವ್ರತಭಂಗವಲ್ಲವಲ್ಲ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ವ್ರತವನ್ನು ಕಾಯುವ ಮನಸ್ಸು ಉಳಿದಿದ್ದು, ಪ್ರಮಾದದಿಂದ ಅಂಶತಃ ಜಾರಿದರೆ ಅದು ಅತಿಚಾರ. ಪತ್ರದ ತಲೆಹಾಳೆ ಮುದ್ರಿಸಿ, ಹಿಂದಿನ ತಾರೀಖು ಹಾಕಿ, ಅಧಿಕಾರಿ ಫೋನ್ ಮಾಡಿದರೆ ಏನು ಹೇಳಬೇಕೆಂದು ಅಂಗಡಿಯ ಗುಮಾಸ್ತನಿಗೂ ಪಾಠ ಹೇಳಿಕೊಟ್ಟವನು ಜಾರಿದವನಲ್ಲ, ಇಳಿದವನು. ಅದು ಅನಾಚಾರವೇ.

ಒಂದು ಅಪವಾದವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸ್ಥೂಲವಾದ ಸುಳ್ಳನ್ನು ಬಿಡಬೇಕೆನ್ನುವಾಗಲೇ ಪರರಿಗೆ ವಿಪತ್ತು ತರುವ ಸತ್ಯವನ್ನೂ ಆಡಬಾರದೆನ್ನುತ್ತದೆ. ಅಹಿಂಸೆಯೇ ಎಲ್ಲ ವ್ರತಗಳ ಬೇರು. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಹೊತ್ತಿದಾಗ, ಗಿಡಮೂಲಿಕೆಯ ಔಷಧ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಅಜ್ಜಂಪುರ, ತರೀಕೆರೆಗಳಿಗೆ ನೆರೆಯಾದ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ಭಾರತ ಸರಕಾರವು ‘ಆಪರೇಷನ್ ಕಾವೇರಿ’ಯ ಮೂಲಕ ಸುಡಾನಿನಲ್ಲಿದ್ದ ಭಾರತೀಯರನ್ನು ಕರೆತಂದಿತು. ಗುಂಡಿನ ಮಳೆಯಲ್ಲಿ ಪ್ರಾಣ ಉಳಿಸಿಕೊಳ್ಳಲು ಗಡಿ ದಾಟುವವನ ಕಾಗದವನ್ನು ಸತ್ಯವ್ರತದ ತಕ್ಕಡಿಯಲ್ಲಿ ತೂಗುವುದು ನಿರ್ದಯೆಯಾದೀತು. ಆದರೆ ಪ್ರಾಣಭಯದ ಅಪವಾದವನ್ನು ಸಂಬಳದ ಆಸೆಗೆ ಎರವಲು ತರಲಾಗದು. ಕಡೂರಿನಲ್ಲಿ ಹೊಟ್ಟೆಬಟ್ಟೆಗೆ ಕೊರತೆಯಿಲ್ಲದವನು ಹೆಚ್ಚಿನ ಗಳಿಕೆಗೆ ಹೋಗಬಯಸುವುದು ತಪ್ಪಲ್ಲ; ಆ ಬಯಕೆಗೆ ಆಪದ್ಧರ್ಮದ ಹೆಸರು ಕೊಡುವುದು ತಪ್ಪು.

ಸಹಿ ಹಾಕುವ ಕೈ

ಜೈನ ನೀತಿಯು ಕರ್ಮದ ಹೊಣೆಯನ್ನು ಮಾಡಿದವನೊಬ್ಬನ ಮೇಲೆಯೇ ಹೊರಿಸುವುದಿಲ್ಲ. ಕೃತ, ಕಾರಿತ, ಅನುಮೋದನ, ಅಂದರೆ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು, ಈ ಮೂರರಿಂದಲೂ ಆಸ್ರವ ಉಂಟಾಗುತ್ತದೆ. ಸುಳ್ಳು ಪತ್ರವನ್ನು ಬರೆದ ವ್ಯಾಪಾರಿ, ಬರೆಯಿಸಿದ ತಂದೆ, ಜಾಣತನವೆಂದು ಹೊಗಳಿದ ಬಂಧು ಮೂವರೂ ಅದರಲ್ಲಿ ಪಾಲುಗಾರರು. ಇವರೆಲ್ಲರೂ ಹಿರಿಯರು, ಹುಡುಗನೊಬ್ಬನೇ ಕಿರಿಯನು ಎಂಬುದು ಇನ್ನೂ ಗಂಭೀರವಾದ ಸಂಗತಿ. ಅವನು ಮೊದಲ ಬಾರಿಗೆ ದೊಡ್ಡ ಸುಳ್ಳು ಹೇಳುವುದನ್ನು ಕಲಿಯುವುದು ತನ್ನ ಮನೆಯ ಹಿರಿಯರ ಆಶೀರ್ವಾದದಿಂದಲೇ ಆಗುತ್ತದೆ. ಸಿಕ್ಕಿಬಿದ್ದಾಗ ಶಿಕ್ಷೆಯೂ ಅವನೊಬ್ಬನಿಗೇ. ತಿಳಿದು ಸುಳ್ಳು ಹೇಳಿದ್ದು ಸಾಬೀತಾದರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷ ಪ್ರವೇಶ ನಿಷೇಧಿಸಬಹುದು. ಅಮೆರಿಕದ ಕಾಯಿದೆಯಲ್ಲಿ ಆ ಅನರ್ಹತೆಗೆ ಕಾಲಮಿತಿಯೇ ಇಲ್ಲ. ಶಿಕ್ಷೆಯ ಭಯದಿಂದ ಪಾಲಿಸಿದ್ದು ವ್ರತವಲ್ಲವಾದರೂ, ಉಪಕಾರವೆಂದು ಸಹಿ ಹಾಕುವವರು ಆ ಉಪಕಾರದ ಬೆಲೆಯನ್ನು ಯಾರು ತೆರುವರೆಂಬುದನ್ನು ತಿಳಿದಿರಬೇಕು.

ಬಸದಿ ಮತ್ತು ಮಂದಿರಗಳ ಟ್ರಸ್ಟುಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಅಮೆರಿಕದ ಆರ್-1 ಎಂಬ ಧಾರ್ಮಿಕ ಸೇವಕರ ವೀಸಾಕ್ಕೆ ಅರ್ಜಿದಾರನು ಹಿಂದಿನ 2 ವರ್ಷ ಆ ಮತದ ಸದಸ್ಯನಾಗಿರಬೇಕು, ಅವನನ್ನು ಕರೆಯುವ ಸಂಸ್ಥೆ ಲಾಭರಹಿತ ಧಾರ್ಮಿಕ ಸಂಸ್ಥೆಯಾಗಿರಬೇಕು. ಇಲ್ಲಿನ ಟ್ರಸ್ಟಿನ ಒಂದು ಕಾಗದಕ್ಕೆ ಅಲ್ಲಿ ತೂಕವಿರುವುದು, ದೇವರ ಸನ್ನಿಧಿಯವರು ಸುಳ್ಳು ಬರೆಯುವುದಿಲ್ಲವೆಂಬ ನಂಬಿಕೆಯಿಂದ. ಆ ನಂಬಿಕೆ ಟ್ರಸ್ಟಿನ ನಿಧಿಗಿಂತ ದೊಡ್ಡ ಆಸ್ತಿ. ಅದನ್ನು ಕೂಡಿಸಿಟ್ಟವರು ಹಿಂದಿನವರು. ಒಬ್ಬ ಧರ್ಮದರ್ಶಿ ತನ್ನ ನೆಂಟನಿಗಾಗಿ ಅದನ್ನು ಖರ್ಚು ಮಾಡಿದರೆ, ಮುಂದೆ ನಿಜವಾದ ಅರ್ಚಕನೊಬ್ಬನ ಕಾಗದವೂ ಸಂಶಯಕ್ಕೆ ಗುರಿಯಾಗುತ್ತದೆ.

ಹಣದ ವಿಷಯದಲ್ಲಿಯೂ ನೇರವಾದ ದಾರಿ ಇಲ್ಲದಿಲ್ಲ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಅಗತ್ಯವಾದ ಹಣವು ಸತತ 28 ದಿನ ಖಾತೆಯಲ್ಲಿರಬೇಕೆಂಬ ನಿಯಮವಿದೆ. ಅಷ್ಟೇ ದಿನಕ್ಕೆ ಬಡ್ಡಿಗೆ ಹಣವಿಟ್ಟು ತೆಗೆಯುವ ವ್ಯವಹಾರ ಹುಟ್ಟಿದ್ದು ಇದರಿಂದ. ಆದರೆ ಬ್ಯಾಂಕಿನ ಶಿಕ್ಷಣ ಸಾಲವನ್ನು ಸಾಲವೆಂದೇ ತೋರಿಸಲೂ ಅದೇ ನಿಯಮಗಳಲ್ಲಿ ಅವಕಾಶವಿದೆ. ತೋರಿಕೆಯ ಹಣ ಕೊಡುವ ಶ್ರೀಮಂತ ಬಂಧುವು ಅದೇ ಸಾಲಕ್ಕೆ ಜಾಮೀನು ನಿಂತರೆ ಹುಡುಗನಿಗೂ ಅನುಕೂಲ, ಖಾತೆಯ ಪುಸ್ತಕಕ್ಕೂ ಕಳಂಕವಿಲ್ಲ.

ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರ ಸ್ಥಿತಿ ಇನ್ನೊಂದು ಬಗೆಯದು. ಅಲ್ಲಿ ವಂಚನೆಗೊಳಗಾಗುವವನು ಹೆಚ್ಚಾಗಿ ಅರ್ಜಿದಾರನೇ. 1983ರ ವಲಸೆ ಕಾಯಿದೆಯಂತೆ ನೋಂದಾಯಿತ ಏಜೆಂಟನು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಏಜೆಂಟನ ನೋಂದಣಿಯನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಯಾರಾದರೂ ಪರಿಶೀಲಿಸಬಹುದು. ಪರಿಶೀಲಿಸದೆ ನಂಬಿದರೆ ಏನಾಗಬಹುದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ: ಭದ್ರತಾ ಸಹಾಯಕರ ಕೆಲಸವೆಂದು ನಂಬಿ ರಷ್ಯಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನಿನ ಯುದ್ಧಕ್ಕೆ ದೂಡಲ್ಪಟ್ಟು, 2024ರ ಸೆಪ್ಟೆಂಬರಿನಲ್ಲಿ ಮರಳಿ ಊರು ಕಂಡರು. ಕಾಗದವನ್ನು ಪ್ರಾಮಾಣಿಕವಾಗಿ ಓದುವ ಅಭ್ಯಾಸವೂ ಪ್ರಾಮಾಣಿಕವಾಗಿ ಬರೆಯುವಷ್ಟೇ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ತಾನೇ ಎಳೆದ ಗೆರೆ

ಶ್ರಾವಕನ ಗುಣವ್ರತಗಳಲ್ಲಿ ದಿಗ್ವ್ರತವು ಮೊದಲನೆಯದು. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರ ಮಾತ್ರ ಹೋಗುವೆನೆಂದು ಗೃಹಸ್ಥನು ತಾನೇ ಗೆರೆ ಎಳೆದುಕೊಳ್ಳುವುದು ಅದರ ಸ್ವರೂಪ. ಆ ಗೆರೆಯ ಆಚೆಗಿನ ಹಿಂಸೆಗೂ ಲೋಭಕ್ಕೂ ತಡೆ ಹಾಕುವುದು ಅದರ ಉದ್ದೇಶ. ವೀಸಾ ನಿರಾಕರಣೆಯಿಂದ ಊರಲ್ಲೇ ಉಳಿದವನನ್ನು ದಿಗ್ವ್ರತಿ ಎನ್ನಲಾಗದು. ಪರರು ಎಳೆದ ಗೆರೆ ನಿರ್ಬಂಧ, ತಾನು ಎಳೆದದ್ದು ವ್ರತ. ಆದರೂ ಎರಡಕ್ಕೂ ಒಂದು ಸಂಬಂಧವಿದೆ. ತನ್ನ ಬಯಕೆಗೆ ಒಳಗಿನಿಂದ ಮಿತಿ ಇಟ್ಟುಕೊಂಡವನು ಹೊರಗಿನ ಮಿತಿಯ ಮುಂದೆ ಸುಳ್ಳು ಹೇಳುವ ಸ್ಥಿತಿಗೆ ಬರುವುದಿಲ್ಲ. ಎಷ್ಟು ಸಾಕೆಂದು ಕೇಳಿಕೊಳ್ಳದವನಿಗೆ ಪ್ರತಿಯೊಂದು ಮುಚ್ಚಿದ ಬಾಗಿಲೂ ಅಪಮಾನವಾಗಿ ತೋರುತ್ತದೆ.

ಇದರಿಂದ ಪರದೇಶಗಮನವೇ ದೋಷವೆಂದಾಗುವುದಿಲ್ಲ. ವೀರಚಂದ ರಾಘವಜಿ ಗಾಂಧಿಯವರು 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಹೋಗಿ ಬಂದಾಗ, ಸಮುದ್ರ ದಾಟಿದ್ದಕ್ಕಾಗಿ ಸಮಾಜದಲ್ಲೇ ಆಕ್ಷೇಪ ಎದ್ದಿತ್ತು. ಇಂದು ಅದೇ ಸಮಾಜ ಸಮುದ್ರ ದಾಟಿದ ಮಕ್ಕಳ ಹೆಸರನ್ನು ಹೆಮ್ಮೆಯಿಂದ ಹೇಳುತ್ತದೆ. ಎಲ್ಲಿಗೆ ಹೋಗಬಹುದೆಂಬ ರೂಢಿ ಕಾಲದೊಡನೆ ಬದಲಾಯಿತು. ಹೇಗೆ ಹೋಗಬೇಕೆಂಬ ಧರ್ಮ ಬದಲಾಗಲಿಲ್ಲ.

ಹಾಗಿದ್ದರೆ ಕುಟುಂಬಗಳೂ ಟ್ರಸ್ಟುಗಳೂ ಮಾಡಬಹುದಾದುದು ಏನು? ಟ್ರಸ್ಟುಗಳು ಯಾವ ಪ್ರಮಾಣಪತ್ರವನ್ನೂ ಒಬ್ಬರ ಸಹಿಯಿಂದ ಕೊಡದೆ, ಸಭೆಯ ನಡಾವಳಿಯಲ್ಲಿ ಬರೆದು, ಪ್ರತಿ ಇಟ್ಟುಕೊಂಡು ಕೊಡಬಹುದು. ವಿದ್ಯಾನಿಧಿಯಿಂದ ಅರ್ಜಿಯ ಶುಲ್ಕಕ್ಕೂ ಪ್ರಯಾಣಕ್ಕೂ ಬಡ್ಡಿಯಿಲ್ಲದ ನೆರವು ನೀಡಬಹುದು. ನೋಂದಾಯಿತ ಏಜೆಂಟರ ಮಾಹಿತಿಯನ್ನು ನೋಡಿ ಹೇಳಬಲ್ಲ ಒಬ್ಬ ತಿಳಿವಳಿಕಸ್ಥನನ್ನು ನೇಮಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ನಿಜ ಬರೆದು ನಿರಾಕರಣೆ ಪಡೆದು ಬಂದ ಹುಡುಗನನ್ನು ಪರ್ಯುಷಣದ ಸಭೆಯಲ್ಲಿಯೂ ಮದುವೆಯ ಮಾತುಕತೆಯಲ್ಲಿಯೂ ಸೋತವನೆಂದು ಕಾಣದಿರಬಹುದು. ಸುಳ್ಳಿನ ಕಡೆಗೆ ಹುಡುಗರನ್ನು ದೂಡುವ ಬಲಗಳಲ್ಲಿ ಪರದೇಶದ ಕಟ್ಟಳೆಗಿಂತ ಸ್ವಂತ ಊರಿನವರ ಕಣ್ಣಿನ ನೋಟವೇ ಹೆಚ್ಚು ಬಲವುಳ್ಳದ್ದು. ಆ ನೋಟವನ್ನು ತಿದ್ದಿಕೊಳ್ಳಲು ಯಾವ ದೇಶದ ಅನುಮತಿಯೂ ಬೇಕಿಲ್ಲ.